ಟಿಇಟಿಯಲ್ಲಿ 88 ಬಂದಿದೆ, ತಂಗಿಗೆ ಮತ್ತೆ ಬರೆಸಲಾ?

ನನ್ನ ತಂಗಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೊದಲ ಪೇಪರಿನಲ್ಲಿ 150ಕ್ಕೆ 88 ಬಂದಿದೆ. ಜನರಲ್‌ಗೆ 90 ಬೇಕು. "ನಂಗೆ ಪಾಠ ಮಾಡೋಕೇ ಬರಲ್ಲ ಅನ್ಸುತ್ತೆ" ಅಂತ ಪುಸ್ತಕವೆಲ್ಲ ಅಟ್ಟಕ್ಕೆ ಹಾಕಿದ್ದಾಳೆ. ಈ ಪರೀಕ್ಷೆಯನ್ನು ಎಷ್ಟು ನಂಬಬಹುದು? ಬರೆದವರು ಹೇಳಿ.

ಮಂಡ್ಯದಿಂದ ಒಬ್ಬ ಟೀಚರ್:

ಮೊದಲು ಆ ಪುಸ್ತಕ ಕೆಳಗಿಳಿಸಿ. ನನಗೆ ಮೊದಲ ಸಲ 87 ಬಂದಿತ್ತು, ಮುಂದಿನ ಸಲ 96. ಓದಿದ್ದು ಅದೇ ನೋಟ್ಸು. ಮೊದಲ ಸಲ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದೆ, ಓಎಂಆರ್‌ನಲ್ಲಿ (ವೃತ್ತ ತುಂಬುವ ಉತ್ತರ ಹಾಳೆಯಲ್ಲಿ) ಆ ಸಾಲು ಬಿಡಲು ಮರೆತೆ. ಆರು ಉತ್ತರ ಒಂದೊಂದು ಸಾಲು ಮೇಲೆ ಕೂತವು. ಬಾಲ್‌ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವ ಹಾಗಿಲ್ಲ. ಗೊತ್ತಾದಾಗ ಕೈ ಬೆವೆತು ಪೆನ್ನು ಜಾರುತ್ತಿತ್ತು.

ಉಳಿದದ್ದು ಅದೃಷ್ಟ. 150 ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದ 20 ಪ್ರಶ್ನೆಗೆ ಸುಮ್ನೆ ಗುರುತು ಹಾಕಿದರೆ ಸರಾಸರಿ 5 ಸರಿಯಾಗುತ್ತವೆ. ಒಂದು ದಿನ 3 ಆಗಬಹುದು, ಇನ್ನೊಂದು ದಿನ 8. 60 ತಗೊಂಡವರು ಯಾರು, 110 ತಗೊಂಡವರು ಯಾರು ಅನ್ನುವುದನ್ನು ಈ ಪರೀಕ್ಷೆ ಚೆನ್ನಾಗಿಯೇ ಹೇಳುತ್ತದೆ. 88 ಮತ್ತು 91ರ ನಡುವೆ ಅಷ್ಟು ಖಚಿತವಾಗಿ ಹೇಳಲು ಅದಕ್ಕೆ ಆಗುವುದಿಲ್ಲ.

ಪಾಠ ಮಾಡಲು ಬರುತ್ತದಾ ಅನ್ನುವುದು ಬೇರೆಯೇ ಮಾತು. ನನ್ನ ಕ್ಲಾಸಿನ ಹುಡುಗನೊಬ್ಬ ಎಂಟನೇ ಒಂದು ಭಾಗವೇ ನಾಲ್ಕನೇ ಒಂದಕ್ಕಿಂತ ದೊಡ್ಡದು ಅಂತ ಹಟ ಹಿಡಿದಿದ್ದ. ಎರಡು ಅಚ್ಚುಬೆಲ್ಲ ತಂದೆ. ಒಂದನ್ನು ನಾಲ್ಕು ಚೂರು ಮಾಡಿದೆ, ಇನ್ನೊಂದನ್ನು ಎಂಟು. "ಯಾವ್ದು ಬೇಕೋ ತಗೊಳಪ್ಪ" ಅಂದೆ. ದೊಡ್ಡ ಚೂರಿಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟ. ಆಮೇಲೆ ನಕ್ಕ. ನಿಮ್ಮ ತಂಗಿಗೆ ಇದು ಬರುತ್ತದೋ ಇಲ್ಲವೋ 88 ಹೇಗೆ ಹೇಳೀತು?

ಎಷ್ಟು ಸಲ ಬೇಕಾದರೂ ಬರೆಯಬಹುದು. 2021ರಲ್ಲಿ ಪ್ರಮಾಣಪತ್ರಕ್ಕಿದ್ದ ಏಳು ವರ್ಷದ ಮಿತಿ ತೆಗೆದಿದ್ದಾರೆ, ಒಮ್ಮೆ ಪಾಸಾದರೆ ಅದು ಜೀವನಪೂರ್ತಿ ನಡೆಯುತ್ತದೆ. ಮುಂದಿನ ಸಲ ಕೀ ಉತ್ತರ ಬಿಟ್ಟ ದಿನವೇ ತಾಳೆ ನೋಡಲಿ. ತಪ್ಪು ಕಂಡರೆ ಪಠ್ಯಪುಸ್ತಕದ ಪುಟ ಸಮೇತ ಗಡುವಿನೊಳಗೆ ಆಕ್ಷೇಪಣೆ ಹಾಕಲಿ.

ಮೈಸೂರಿನಿಂದ ಇನ್ನೊಬ್ಬರು:

ಮಂಡ್ಯದ ಅಕ್ಕ ಹೇಳಿದ್ದು ಸರಿ. ನಾನು ಕೆಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆದವನು. ಅಲ್ಲಿ ಕನಿಷ್ಠ ಅಂಕ ಬಂದರೂ ಸಾಲದು, ಬರೆದವರಲ್ಲಿ ಶೇ 6ರಷ್ಟು ಮಂದಿಗೆ ಮಾತ್ರ ಅರ್ಹತೆ. ನಮ್ಮ ಜೊತೆ ಯಾರು ಕೂತಿದ್ದರು ಅನ್ನುವುದರ ಮೇಲೂ ಫಲಿತಾಂಶ ನಿಂತಿರುತ್ತದೆ. ಟಿಇಟಿಯಲ್ಲಿ ಆ ಕಾಟ ಇಲ್ಲ. 90ಕ್ಕೆ ಓದಬೇಡ ಅಂತ ತಂಗಿಗೆ ಹೇಳಿ, 100ಕ್ಕೆ ಓದಲಿ. ಆಗ ಅದೃಷ್ಟ ಸ್ವಲ್ಪ ಕೈಕೊಟ್ಟರೂ ಪಾಸಾಗುತ್ತಾಳೆ.