ಚೀಟಿ ಎತ್ತಿದ ವರ್ಷ ಗೆದ್ದ ವೆರೋನಾ: ಮೂಡುಮನೆ ಬಳಗದಲ್ಲಿ ಒಂದು ಜಟಾಪಟಿ

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾಗರಾಜ ಮಾವ ಹಂಚುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ಮೆಂತ್ಯ, ಹಾಗಲಕಾಯಿ ಮತ್ತು ಮೊಣಕಾಲಿಗೆ ಮೀಸಲು. ಈ ಭಾನುವಾರ ಮಾತ್ರ ಫುಟ್‌ಬಾಲ್ ಬಂದಿತು. ಅವರ ಮಗ ಪ್ರಶಾಂತಣ್ಣ ಟುರಿನ್‌ನಲ್ಲಿ ನೌಕರಿಯಲ್ಲಿದ್ದಾನೆ, ಅಲ್ಲಿನ ಯುವೆಂಟಸ್ ತಂಡದ ಪರಮಭಕ್ತ. ಮಗನನ್ನು ಕೆಣಕಲೆಂದೇ ಮಾವ ಅದನ್ನು ಹಾಕಿದರು ಎಂಬುದು ನನ್ನ ಗುಮಾನಿ.

ನಾಗರಾಜ ಮಾವ: (ಬಂದದ್ದನ್ನು ಹಂಚಿಕೊಂಡಿದ್ದೇನೆ) "ಇಟಲಿಯ ಲೀಗಿನಲ್ಲಿ ಒಂದೇ ಒಂದು ವರ್ಷ, 1984-85ರಲ್ಲಿ, ಯಾವ ಪಂದ್ಯಕ್ಕೆ ಯಾವ ರೆಫರಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಆ ವರ್ಷ ಗೆದ್ದವರು ಯಾರು ಗೊತ್ತೇ? ಬಡ ತಂಡ ವೆರೋನಾ! ಬೆಚ್ಚಿಬಿದ್ದ ಶ್ರೀಮಂತ ಕ್ಲಬ್‌ಗಳು ಮರುವರ್ಷವೇ ಚೀಟಿ ಪದ್ಧತಿಯನ್ನು ಶಾಶ್ವತವಾಗಿ ಹೂತುಹಾಕಿದವು. ವೆರೋನಾ ಮತ್ತೆಂದೂ ಗೆಲ್ಲಲಿಲ್ಲ. ಪ್ರಾಮಾಣಿಕತೆಯ ಆಯುಷ್ಯ ಒಂದೇ ವರ್ಷ! ಹತ್ತು ಜನರಿಗೆ ಕಳುಹಿಸಿ."

ಪ್ರಶಾಂತಣ್ಣ: ಅಪ್ಪ, ಇದು ಇಲ್ಲಿ ಕಾಫಿ ಅಂಗಡಿಗಳಲ್ಲಿ ನಲವತ್ತು ವರ್ಷಗಳಿಂದ ಸುತ್ತುತ್ತಿರುವ ಕಥೆ. ಸೋತವರಿಗೆಲ್ಲ ರೆಫರಿಯೇ ಕಾರಣ.

ನಾಗರಾಜ ಮಾವ: ಇಲ್ಲಿ ಗೆದ್ದವರ ಕಥೆ ಹೇಳಿದ್ದಾರೆ, ಸೋತವರದಲ್ಲ. ಸರಿಯಾಗಿ ಓದು.

ಜಯತ್ತೆ: ವೆರೋನಾ ಎಂದರೆ ರೋಮಿಯೊ ಜೂಲಿಯೆಟ್ ಊರೇ?

ನಾನು: ಅದೇ ಊರು ಅತ್ತೆ. ಮಾವ, ಸಂದೇಶದಲ್ಲಿ ಒಂದು ಮಾತು ನಿಜ. ಆ ಋತುವಿನಲ್ಲಿ ರೆಫರಿಗಳನ್ನು ಚೀಟಿ ಎತ್ತಿಯೇ ನೇಮಿಸಿದರು, ಮುಂದಿನ ಋತುವಿಗೆ ಅದನ್ನು ಕೈಬಿಟ್ಟರು. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಗಂಟು ಹಾಕಿದ್ದಾರೆ. ಆ ಕೊಂಬೆ ಅದಾಗಲೇ ಮೂರು ವರ್ಷಗಳಿಂದ ಬಾಗುತ್ತಿತ್ತು. ಓಸ್ವಾಲ್ದೊ ಬಾನ್ಯೋಲಿ ಎಂಬ ತರಬೇತುದಾರ ತಂಡವನ್ನು 1982ರಲ್ಲಿ ಎರಡನೇ ದರ್ಜೆಯಿಂದ ಮೇಲೆ ತಂದರು. ಬಂದ ವರ್ಷವೇ ನಾಲ್ಕನೇ ಸ್ಥಾನ, ಮರುವರ್ಷ ಆರನೇ ಸ್ಥಾನ. 1983 ಮತ್ತು 1984, ಎರಡೂ ವರ್ಷ ಇಟಲಿ ಕಪ್‌ನ ಫೈನಲ್. ಇದೆಲ್ಲ ಚೀಟಿ ಬರುವುದಕ್ಕೆ ಮುಂಚಿನದು.

ನಾಗರಾಜ ಮಾವ: ಫೈನಲ್‌ಗಳಲ್ಲಿ ಏನಾಯಿತು?

ನಾನು: ಎರಡರಲ್ಲೂ ಸೋತರು.

ನಾಗರಾಜ ಮಾವ: ಯಾರ ಕೈಯಲ್ಲಿ?

ನಾನು: 1984ರಲ್ಲಿ ರೋಮಾ. 1983ರಲ್ಲಿ ಯುವೆಂಟಸ್. ಆಗ ಫೈನಲ್ ಎಂದರೆ ಎರಡು ಪಂದ್ಯ. ಮನೆಯಂಗಳದಲ್ಲಿ 2-0 ಗೆದ್ದು, ಟುರಿನ್‌ಗೆ ಹೋಗಿ ಹೆಚ್ಚುವರಿ ಅವಧಿಯಲ್ಲಿ 3-0 ಸೋತರು.

ನಾಗರಾಜ ಮಾವ: ಇಷ್ಟು ಸಾಕು.

(ಮಾವ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ತಮಗೆ ಬೇಕಾದ ಉತ್ತರವನ್ನು ನಮ್ಮ ಬಾಯಿಂದಲೇ ಹೊರಡಿಸುವುದು ಅವರ ಹಳೆಯ ವಿದ್ಯೆ.)

ಪ್ರಶಾಂತಣ್ಣ: ಆ ರಾತ್ರಿ ನಮ್ಮ ತಂಡದಲ್ಲಿ ಪ್ಲಾಟಿನಿ ಎಂಬ ಮನುಷ್ಯ ಆಡುತ್ತಿದ್ದ ಎಂಬುದನ್ನೂ ಹೇಳು ಮೇಘಾ. ರೆಫರಿ ಗೋಲು ಹೊಡೆಯುವುದಿಲ್ಲ. ಇನ್ನೊಂದು ವಿಷಯ, 1985ರಲ್ಲಿ ನಮ್ಮವರ ಗಮನವೆಲ್ಲ ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಆಡುವ ಯುರೋಪಿಯನ್ ಕಪ್ ಮೇಲಿತ್ತು. ಅದನ್ನು ಗೆದ್ದರು ಕೂಡ.

ನಾನು: ನಿಮ್ಮವರ ಗಮನ ಅಲ್ಲಿತ್ತು, ಒಪ್ಪಿದೆ. ಇಂಟರ್, ರೋಮಾ, ಮಿಲಾನ್, ಇವರೆಲ್ಲರ ಗಮನ ಎಲ್ಲಿತ್ತು? ಜೀಕೊ, ಸಾಕ್ರಟೀಸ್, ರುಮೆನಿಗೆ, ಫಲ್ಕಾವೊ ಎಲ್ಲರೂ ಆ ಲೀಗಿನಲ್ಲೇ ಇದ್ದರು. ಮರಡೋನಾ ಬಾರ್ಸಿಲೋನಾದಿಂದ ನಪೋಲಿಗೆ ಬಂದದ್ದೂ ಆ ಬೇಸಿಗೆಯಲ್ಲೇ. ಲೀಗಿನಲ್ಲಿ ಅವರ ಮೊದಲ ಪಂದ್ಯ ಎಲ್ಲಿ ನಡೆಯಿತು ಗೊತ್ತೇ? ವೆರೋನಾದ ಬೆಂತೆಗೋದಿ ಮೈದಾನದಲ್ಲಿ. ಬಾನ್ಯೋಲಿ ಅವರು ಮರಡೋನಾ ಮೇಲೆ ಬಿಟ್ಟದ್ದು ಹಾನ್ಸ್-ಪೀಟರ್ ಬ್ರೀಗೆಲ್ ಎಂಬ ಜರ್ಮನ್ ಆಟಗಾರನನ್ನು. ಎಳೆವೆಯಲ್ಲಿ ಡೆಕಾಥ್ಲಾನ್ ಓಡಿ, ಎಸೆದು, ಜಿಗಿದು ಬೆಳೆದ ಆಳು, ಪಶ್ಚಿಮ ಜರ್ಮನಿಯ ರಾಷ್ಟ್ರೀಯ ತಂಡದವರು. ಮರಡೋನಾ ಬೆನ್ನು ಬಿಡದೆ ಕಾದದ್ದಲ್ಲದೆ ಒಂದು ಗೋಲನ್ನೂ ಹೊಡೆದರು. 3-1. ಇದರಲ್ಲಿ ಚೀಟಿಯ ಪಾತ್ರವೇನು ಮಾವ?

ನಾಗರಾಜ ಮಾವ: ಒಂದು ಪಂದ್ಯ ಯಾರು ಬೇಕಾದರೂ ಗೆಲ್ಲಬಹುದು.

ನಾನು: ಹಾಗಾದರೆ ಅಕ್ಟೋಬರ್ 14ರ ಪಂದ್ಯ ಕೇಳಿ. ಎದುರಾಳಿ ಯುವೆಂಟಸ್. ಪ್ರಶಾಂತಣ್ಣ, ಸ್ವಲ್ಪ ಹೊತ್ತು ಮೊಬೈಲ್ ಪಕ್ಕಕ್ಕಿಡು. ವೆರೋನಾದ ಗಾಲ್ದೆರಿಸಿ ಮೊದಲ ಗೋಲು ಹೊಡೆದಾಗಿತ್ತು. ಆಟ ಮುಗಿಯಲು ಹತ್ತು ನಿಮಿಷವೂ ಉಳಿದಿರಲಿಲ್ಲ. ಡೆನ್ಮಾರ್ಕಿನ ಪ್ರೆಬೆನ್ ಎಲ್ಕೆಯರ್ ಎಡಗಡೆಯಿಂದ ಚೆಂಡು ಹಿಡಿದು ಓಡಿದರು. ಯುವೆಂಟಸ್ ಹಿಂಸಾಲಿನ ಪಿಯೋಲಿ ಅಡ್ಡಗಾಲು ಹಾಕಿದಾಗ ಎಲ್ಕೆಯರ್ ಬಲಗಾಲಿನ ಬೂಟು ಕಳಚಿಹೋಯಿತು. ಅವರು ಮುಗ್ಗರಿಸಿದರು, ನಿಲ್ಲಲಿಲ್ಲ. ಬರೀ ಕಾಲುಚೀಲದಲ್ಲಿ ಪೆನಾಲ್ಟಿ ಆವರಣಕ್ಕೆ ನುಗ್ಗಿ ಅದೇ ಬಲಗಾಲಿನಿಂದ ಗೋಲಿನ ಮೂಲೆಗೆ ಅಟ್ಟಿದರು. ಆ ಪಿಯೋಲಿಯೇ ಮುಂದೆ ವೆರೋನಾಕ್ಕೆ ಬಂದು ಆಡಿದರು, ಆಮೇಲೆ ತರಬೇತುದಾರರಾಗಿ ಮಿಲಾನ್‌ಗೆ 2022ರ ಲೀಗ್ ಗೆದ್ದುಕೊಟ್ಟರು.

ಜಯತ್ತೆ: ಬೂಟಿಲ್ಲದೆ ಹೊಡೆದರೆ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶಾಂತಣ್ಣ: ಬರುತ್ತದೆ ಅಮ್ಮ. ಅಕಸ್ಮಾತ್ ಕಳಚಿದರೆ, ಚೆಂಡು ಆಟದಿಂದ ಹೊರಹೋಗುವುದರೊಳಗೆ ಹಾಕಿಕೊಳ್ಳಬೇಕು ಎಂದು ಈಗಿನ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅಷ್ಟರಲ್ಲಿ ಗೋಲಾದರೆ ಗೋಲೇ. ನಾನು ಯುವೆಂಟಸ್ ಕಡೆಯವನಾದರೂ ಆ ಗೋಲಿನ ಬಗ್ಗೆ ತಕರಾರು ಎತ್ತುವುದಿಲ್ಲ.

ಜಯತ್ತೆ: ಹಾಗಾದರೆ ಜಗಳ ಯಾವುದರ ಬಗ್ಗೆ?

ನಾಗರಾಜ ಮಾವ: ಜಯಾ, ಆ ದಿನ ರೆಫರಿಯನ್ನು ಯುವೆಂಟಸ್‌ಗೆ ಅಂಜುವ ಯಾರಾದರೂ ಮೇಲಧಿಕಾರಿ ಆರಿಸಿದ್ದರೆ, ಬೂಟು ಬಿದ್ದ ಕೂಡಲೇ ಸೀಟಿ ಊದುತ್ತಿದ್ದರು. ನನ್ನ ವಾದ ಇಷ್ಟೇ. ಮೇಘಾ, 1981ರಲ್ಲಿ ಟುರಿನ್‌ನಲ್ಲಿ ರೋಮಾ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಿಲ್ಲವೇ? ನಾನೂ ಓದಿಕೊಂಡೇ ಬಂದಿದ್ದೇನೆ.

(ಹದಿನೈದು ನಿಮಿಷ ಮಾವ ಮಾಯವಾಗಿದ್ದರು. ಎಲ್ಲಿಗೆ ಹೋಗಿದ್ದರು ಎಂದು ಆಗ ತಿಳಿಯಿತು.)

ನಾನು: ಹೌದು, ತುರೋನೆ ಹೊಡೆದ ಗೋಲು. ಮೇ 10, 1981. ಪಂದ್ಯ 0-0 ಆಯಿತು, ಯುವೆಂಟಸ್ ಎರಡು ಅಂಕದ ಅಂತರದಲ್ಲಿ ಚಾಂಪಿಯನ್ ಆಯಿತು. ರೋಮ್‌ನವರು ಇಂದಿಗೂ ಅದನ್ನು ಮರೆತಿಲ್ಲ. ಮರುವರ್ಷ ಫ್ಲಾರೆನ್ಸ್‌ನ ತಂಡ ಫಿಯೊರೆಂಟಿನಾ ಕೊನೆಯ ದಿನ ಯುವೆಂಟಸ್ ಎದುರು ಪ್ರಶಸ್ತಿ ಕಳೆದುಕೊಂಡಾಗ, ಕಳ್ಳರಾಗುವುದಕ್ಕಿಂತ ಎರಡನೆಯವರಾಗುವುದೇ ಮೇಲು ಎಂಬ ಘೋಷಣೆ ಫ್ಲಾರೆನ್ಸ್‌ನಲ್ಲಿ ಹುಟ್ಟಿತು. ಚೀಟಿ ಬೇಕೆಂದು ಜನರಿಗೆ ಏಕೆ ಅನ್ನಿಸಿತು ಎಂಬುದು ನನಗೂ ಅರ್ಥವಾಗುತ್ತದೆ. ಚೀಟಿಯಿಂದ ವೆರೋನಾಕ್ಕೆ ನ್ಯಾಯ ಸಿಕ್ಕಿರಬಹುದು. ಆದರೆ ಪ್ರಶಸ್ತಿಯನ್ನು ಚೀಟಿ ಕೊಡಲಿಲ್ಲ. 30 ಪಂದ್ಯಗಳಲ್ಲಿ 15 ಗೆಲುವು, 13 ಡ್ರಾ, ಎರಡೇ ಸೋಲು. ಜನವರಿಯಲ್ಲಿ ಅವೆಲಿನೊ ತಂಡಕ್ಕೆ ಸೋಲುವವರೆಗೆ ಅಜೇಯರು. ಗೆಲುವಿಗೆ ಎರಡೇ ಅಂಕ ಸಿಗುತ್ತಿದ್ದ ಕಾಲ, ಒಟ್ಟು 43 ಅಂಕ. ಎರಡನೇ ಸ್ಥಾನದ ಟೊರಿನೊಗಿಂತ ನಾಲ್ಕು ಹೆಚ್ಚು.

ಪ್ರಶಾಂತಣ್ಣ: ಹದಿಮೂರು ಡ್ರಾ! ಕದ ಹಾಕಿಕೊಂಡು ಕೂತು ಗೆದ್ದರು.

ನಾನು: ಕದ ಹಾಕಿಕೊಂಡವರು ಉದಿನೇಸೆ ವಿರುದ್ಧ 5-3 ಗೆಲ್ಲುತ್ತಾರೆಯೇ? ಮೂರು ಗೋಲು ಮುಂದಿದ್ದರು, ಎದುರಾಳಿ 3-3 ಮಾಡಿದರು, ಮತ್ತೆ ಎರಡು ಹೊಡೆದು ಬಂದರು. ಗೋಲ್‌ಕೀಪರ್ ವಿಷಯ ಬಂದರೆ, ಗರೆಲ್ಲಾ ಅವರನ್ನು ನೋಡಲು ಚೆನ್ನಾಗಿರುತ್ತಿರಲಿಲ್ಲ, ಅದು ನಿಜ. ಕೈಯಿಂದ ಹಿಡಿಯಬೇಕಾದ್ದನ್ನು ಕಾಲು, ಮೊಣಕಾಲು, ಸಿಕ್ಕಿದ್ದರಿಂದ ತಡೆಯುತ್ತಿದ್ದರು. ಆದರೆ ಇಡೀ ಋತುವಿನಲ್ಲಿ ಬಿಟ್ಟದ್ದು 19 ಗೋಲು. ಇನ್ನೊಂದು, ಗಾಲ್ದೆರಿಸಿ ಮತ್ತು ಫಾನ್ನಾ ಇಬ್ಬರೂ ಯುವೆಂಟಸ್ ಬೇಡವೆಂದು ಕೈಬಿಟ್ಟವರು. ಅದೂ ಚೀಟಿಯೇ?

ಜಯತ್ತೆ: ಇಟಲಿಯ ಬೇರೆ ಸಣ್ಣ ಊರುಗಳು ಗೆದ್ದೇ ಇಲ್ಲವೇ?

ನಾನು: ಎರಡನೇ ಮಹಾಯುದ್ಧದ ನಂತರ ಪ್ರಾಂತ್ಯದ ರಾಜಧಾನಿಯಲ್ಲದ ಊರಿಗೆ ಲೀಗ್ ಒಲಿದದ್ದು ಅದೊಂದೇ ಸಲ ಅತ್ತೆ. 1970ರಲ್ಲಿ ಗೆದ್ದ ಕಲಿಯಾರಿ ಸಾರ್ಡೀನಿಯಾದ ರಾಜಧಾನಿ, 1991ರ ಸಾಂಪ್ಡೋರಿಯಾ ಇರುವ ಜಿನೋವಾ ಲಿಗೂರಿಯಾದ್ದು. ವೆರೋನಾ ಇರುವ ವೆನೆಟೊ ಪ್ರಾಂತ್ಯಕ್ಕೆ ವೆನಿಸ್ ರಾಜಧಾನಿ. 1903ರಲ್ಲಿ ಅಲ್ಲಿನ ಶಾಲಾ ಹುಡುಗರು ಕಟ್ಟಿದ ಕ್ಲಬ್ಬು ಅದು. ಹಾಗೆಂದು ಬಡ ಊರಲ್ಲ, ಅಂಗಿಯ ಮೇಲೆ ಕ್ಯಾನನ್ ಕ್ಯಾಮೆರಾ ಕಂಪನಿಯ ಹೆಸರಿತ್ತು.

ನಾಗರಾಜ ಮಾವ: ಮರುವರ್ಷ ಏನಾಯಿತು ಎಂಬುದನ್ನು ನೀನು ಜಾಣತನದಿಂದ ಹೇಳುತ್ತಿಲ್ಲ.

ನಾನು: ಹೇಳುತ್ತೇನೆ. ಯುರೋಪಿಯನ್ ಕಪ್‌ನ ಎರಡನೇ ಸುತ್ತಿನಲ್ಲಿ ಎದುರಾದದ್ದು ಯುವೆಂಟಸ್. ವೆರೋನಾದಲ್ಲಿ 0-0. ಟುರಿನ್ ಪಂದ್ಯ ಖಾಲಿ ಮೈದಾನದಲ್ಲಿ ನಡೆಯಿತು, 1985ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪ್ರೇಕ್ಷಕರು ಸತ್ತ ಹೇಸೆಲ್ ದುರಂತದ ನಂತರದ ಶಿಕ್ಷೆ. ಯುವೆಂಟಸ್‌ಗೆ ಪೆನಾಲ್ಟಿ ಸಿಕ್ಕಿತು. ಯುವೆಂಟಸ್‌ನ ಸೆರೆನಾ ಕೈಗೆ ಚೆಂಡು ತಗುಲಿತೆಂದು ವೆರೋನಾದವರು ಬೊಬ್ಬೆ ಹಾಕಿದರೂ ಅವರಿಗೆ ಸಿಗಲಿಲ್ಲ. 2-0. ಪಂದ್ಯದ ನಂತರ ಗಲಾಟೆಯಾಗಿ ಪೊಲೀಸರು ಬಂದಾಗ, ಕಳ್ಳರನ್ನು ಹುಡುಕುತ್ತಿದ್ದರೆ ಆ ಕಡೆಯ ಕೋಣೆಗೆ ಹೋಗಿ ಎಂದರಂತೆ ಬಾನ್ಯೋಲಿ. ಮಾತೇ ಆಡದ ಮನುಷ್ಯ ಎಂದು ಹೆಸರಾದವರು.

ನಾಗರಾಜ ಮಾವ: ನೋಡಿದೆಯಾ! ಚೀಟಿ ಹೋಯಿತು, ವೆರೋನಾ ಹೋಯಿತು.

ನಾನು: ಆ ರೆಫರಿ ಫ್ರಾನ್ಸಿನ ರೊಬೆರ್ ವುರ್ಟ್ಸ್, ಮಾವ. ಯುರೋಪಿನ ಕಪ್ಪಿಗೂ ಇಟಲಿಯ ಲೀಗಿನ ಚೀಟಿಗೂ ಏನೂ ಸಂಬಂಧವಿಲ್ಲ. ಇನ್ನು "ಶಾಶ್ವತವಾಗಿ ಹೂತುಹಾಕಿದವು" ಎಂಬುದು ಹಸಿ ಸುಳ್ಳು. 1999ರಲ್ಲಿ ಚೀಟಿ ಮತ್ತೆ ಬಂದಿತು. ಮೊದಲು ಪಂದ್ಯಗಳನ್ನೂ ರೆಫರಿಗಳನ್ನೂ ಗುಂಪು ಮಾಡಿ, ಆ ಗುಂಪಿನೊಳಗೆ ಎತ್ತುತ್ತಿದ್ದರು. ಆಗ ಗೆದ್ದವರು ಲಾಜಿಯೊ, ರೋಮಾ, ಯುವೆಂಟಸ್, ಮಿಲಾನ್. ಸಣ್ಣ ಊರಿನ ಒಂದೂ ತಂಡವಿಲ್ಲ.

ಪ್ರಶಾಂತಣ್ಣ: ಅಲ್ಲಿಗೆ ನಿಲ್ಲಿಸು ಮೇಘಾ.

ನಾನು: ನಿಲ್ಲಿಸುವುದಿಲ್ಲ. 2006ರಲ್ಲಿ ಸ್ಫೋಟಗೊಂಡ ರೆಫರಿ ಹಗರಣ ಆ ಚೀಟಿಯ ಕಾಲದ್ದೇ. ಗುಂಪು ಮಾಡುವ ಅಧಿಕಾರಿಗಳೊಂದಿಗೆ ಯುವೆಂಟಸ್ ಆಡಳಿತದವರು ಫೋನಿನಲ್ಲಿ ಮಾತನಾಡುತ್ತಿದ್ದರು. ಕ್ಲಬ್ಬು ಎರಡು ಪ್ರಶಸ್ತಿ ಕಳೆದುಕೊಂಡು ಎರಡನೇ ದರ್ಜೆಗೆ ಇಳಿಯಿತು. ಡಬ್ಬಿಯೊಳಗೆ ಯಾವ ಹೆಸರು ಹೋಗಬೇಕು ಎಂಬುದು ಒಬ್ಬರ ಕೈಯಲ್ಲಿದ್ದರೆ, ಎತ್ತುವವರು ಕಣ್ಣು ಮುಚ್ಚಿಕೊಂಡರೇನು, ಬಿಟ್ಟರೇನು?

ಪ್ರಶಾಂತಣ್ಣ: ನನಗೆ ಕಚೇರಿಯ ಕೆಲಸವಿದೆ.

ಜಯತ್ತೆ: ಭಾನುವಾರವೇ?

ನಾಗರಾಜ ಮಾವ: ಮೇಘಾ, ನಿನ್ನ ಮಾತಿನಿಂದ ನನ್ನ ವಾದವೇ ಗಟ್ಟಿಯಾಯಿತು. ಗುಂಪು ಮಾಡದೆ ಎಲ್ಲ ಹೆಸರನ್ನೂ ಡಬ್ಬಿಗೆ ಹಾಕಿದ ವರ್ಷ ವೆರೋನಾ ಗೆದ್ದಿತು. ಗುಂಪು ಮಾಡಿದ ವರ್ಷಗಳಲ್ಲಿ ದೊಡ್ಡವರು ಗೆದ್ದರು.

ನಾನು: ಒಂದು ವರ್ಷದ ಲೆಕ್ಕದಿಂದ ಸೂತ್ರ ಕಟ್ಟಿದ ವಿದ್ಯಾರ್ಥಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ ಮಾವ?

ನಾಗರಾಜ ಮಾವ: "ಶಾಶ್ವತವಾಗಿ" ಎಂಬುದನ್ನು ತೆಗೆದು ಮತ್ತೆ ಕಳುಹಿಸುತ್ತೇನೆ. ಬೂಟಿನ ಗೋಲನ್ನೂ ಸೇರಿಸುತ್ತೇನೆ, ಅದು ಚೆನ್ನಾಗಿದೆ.

ನಾನು: "ಬಡ ತಂಡ" ಎಂಬುದನ್ನೂ ತೆಗೆಯಿರಿ.

ನಾಗರಾಜ ಮಾವ: ಅದು ಇರಲಿ. ಅದಿಲ್ಲದಿದ್ದರೆ ನಮ್ಮ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಯಾರೂ ಓದುವುದಿಲ್ಲ.