28 ದಿನ ಕಾವು ಕೊಟ್ಟರೂ ಎರಡೇ ಬಾತುಮರಿ. ಎಲ್ಲಿ ತಪ್ಪಾಯ್ತು ಡಾಕ್ಟ್ರೇ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಸಣ್ಣ ಫ್ಯಾನು, ಕಂಟ್ರೋಲರ್ ಹಾಕಿ ಮನೆಯಲ್ಲೇ ಇನ್‌ಕ್ಯುಬೇಟರ್ ಮಾಡಿಕೊಂಡಿದ್ದೇನೆ. ಮಾರ್ಚ್‌ನಲ್ಲಿ ನಾಟಿ ಕೋಳಿ ಮೊಟ್ಟೆ ಇಟ್ಟಾಗ ಚೆನ್ನಾಗಿ ಮರಿಯಾಗಿತ್ತು. ಜುಲೈನಲ್ಲಿ 12 ಬಾತುಕೋಳಿ ಮೊಟ್ಟೆ ಇಟ್ಟೆ. ಬಿಸಿ 37.5 ಡಿಗ್ರಿಯಲ್ಲೇ ಇತ್ತು, ದಿನಕ್ಕೆ ಮೂರು ಸಲ ತಿರುಗಿಸಿದೆ. ಆದರೂ ಎರಡೇ ಮರಿ ಹೊರಗೆ ಬಂದವು. ಒಂದು ಮರಿ ಚಿಪ್ಪಿಗೆ ತೂತು ಮಾಡಿ ಹಾಗೇ ನಿಂತಿತ್ತು. ಆರು ಗಂಟೆ ಕಾದು ನಾನೇ ಬಿಡಿಸಿದೆ, ರಕ್ತ ಬಂದು ಸತ್ತುಹೋಯಿತು. ಉಳಿದವನ್ನು ಒಡೆದು ನೋಡಿದರೆ ಮರಿ ಪೂರ್ತಿ ಬೆಳೆದಿವೆ, ಆದರೆ ಸುತ್ತ ನೀರು ನೀರು. ತುಂಬಾ ಬೇಜಾರಾಗಿದೆ.

ಡಾಕ್ಟರ್: ನಿಮ್ಮ ಬೇಜಾರು ಅರ್ಥವಾಗುತ್ತದೆ ತಂಗಿ. ಒಂದು ವಿಷಯ ಹೇಳಿ, ಪೆಟ್ಟಿಗೆಯೊಳಗೆ ನೀರು ಯಾವತ್ತಿಂದ ಇಟ್ಟಿದ್ದಿರಿ?

ಸದಸ್ಯೆ: ಮೊದಲ ದಿನದಿಂದಲೇ ಎರಡು ಬಟ್ಟಲು. ಬಾತುಕೋಳಿ ನೀರಿನ ಹಕ್ಕಿ, ತೇವ ಜಾಸ್ತಿ ಬೇಕು ಅಂತ ಒಬ್ಬರು ಹೇಳಿದ್ದರು.

ಡಾಕ್ಟರ್: ಅಲ್ಲೇ ಎಡವಟ್ಟಾಗಿರುವುದು. ಮಲೆನಾಡಿನ ಜುಲೈ ಗಾಳಿಯಲ್ಲೇ ನೀರು ತುಂಬಿರುತ್ತದೆ, ಅದರ ಮೇಲೆ ನೀವು ಎರಡು ಬಟ್ಟಲು ಸೇರಿಸಿದ್ದೀರಿ. ಕಾವಿನಲ್ಲಿರುವ ಮೊಟ್ಟೆ ಚಿಪ್ಪಿನ ಸಣ್ಣ ಸಣ್ಣ ರಂಧ್ರಗಳಿಂದ ದಿನಾ ಸ್ವಲ್ಪ ನೀರು ಬಿಡಬೇಕು. ಹಾಗೆ ಬಿಟ್ಟಷ್ಟೂ ದಪ್ಪ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಒಳಗಿನ ಪೊರೆಯನ್ನು ಕೊಕ್ಕಿನಿಂದ ಹರಿದು, ಆ ಜಾಗದಲ್ಲಿ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ನಿಮ್ಮ ಮರಿಗಳಿಗೆ ಆ ಜಾಗವೇ ಸಾಲಲಿಲ್ಲ. ಮಾರ್ಚ್‌ನ ಒಣ ಗಾಳಿಯಲ್ಲಿ ಕೋಳಿ ಮೊಟ್ಟೆ ಬಚಾವಾದವು.

ಮುಂದಿನ ಸಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊಟ್ಟೆ ತೂಗಿ, ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. 70 ಗ್ರಾಂ ಮೊಟ್ಟೆ 25ನೇ ದಿನಕ್ಕೆ ಸುಮಾರು 8-9 ಗ್ರಾಂ ಇಳಿದಿರಬೇಕು. 7, 14, 25ನೇ ದಿನ ಕತ್ತಲಲ್ಲಿ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. 7ನೇ ದಿನ ಜೇಡದ ಕಾಲಿನಂತೆ ಕೆಂಪು ನರಗಳು ಕಾಣುತ್ತವೆ. ಗಾಳಿ ಜಾಗದ ಅಂಚಿಗೆ ಪ್ರತಿ ಸಲ ಗೆರೆ ಎಳೆಯಿರಿ. ಗೆರೆ ಕೆಳಗೆ ಇಳಿಯುತ್ತಾ ಹೋಗಬೇಕು. ಇಳಿಯದಿದ್ದರೆ ನೀರು ತೆಗೆದುಬಿಡಿ. ತೇವ ನೋಡಲು ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ. ಮೊದಲ 25 ದಿನ 55 ಶೇಕಡಾ ಆಸುಪಾಸು ಇದ್ದರೆ ಸಾಕು. ಮಳೆಗಾಲದಲ್ಲಿ ಬಟ್ಟಲು ಇಡದೆಯೇ ಅಷ್ಟು ಬರಬಹುದು. 25ನೇ ದಿನ ತಿರುಗಿಸುವುದು ನಿಲ್ಲಿಸಿ, ಆಗ ನೀರಿಟ್ಟು 70ಕ್ಕೆ ಏರಿಸಿ. ಆಮೇಲೆ ಮುಚ್ಚಳ ತೆಗೆಯಬೇಡಿ.

ಇನ್ನು ನೀವು ಬಿಡಿಸಿದ ಮರಿಯ ವಿಷಯ. ಬಾತುಮರಿ ತೂತು ಮಾಡಿದ ಮೇಲೆ ಹೊರಗೆ ಬರಲು ಒಂದು ದಿನ, ಕೆಲವು ಸಲ ಎರಡು ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಸುಮ್ನೆ ಮಲಗಿಲ್ಲ. ಪೊರೆಯ ನರಗಳಲ್ಲಿರುವ ರಕ್ತ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಅವಸರದಲ್ಲಿ ಸುಲಿದರೆ ರಕ್ತ ಬರುವುದು ಅದಕ್ಕೇ. ನನ್ನ ಕೈಯಲ್ಲೂ ಒಂದು ಮರಿ ಹಾಗೆ ಹೋಗಿದೆ, ಇವತ್ತಿಗೂ ನೆನಪಿದೆ.

ಪ್ರಶ್ನೆ (ಹಾವೇರಿ ಕಡೆಯ ಸದಸ್ಯರು): ಸರ್, ನಮ್ಮಲ್ಲಿ ಮಷಿನ್ ಇಲ್ಲ. ಜವಾರಿ ಕೋಳಿ ಕೆಳಗೆ ಬಾತು ಮೊಟ್ಟೆ ಇಡಬಹುದಾ? ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ನಮ್ಮ ಅಜ್ಜಿ ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುತ್ತಿದ್ದರು.

ಡಾಕ್ಟರ್: ಖಂಡಿತ ಇಡಬಹುದು. ಖಾಕಿ ಕ್ಯಾಂಪ್‌ಬೆಲ್‌ನಂಥ ಬಾತುಗಳು ಕಾವಿಗೆ ಕೂರುವುದೇ ಕಡಿಮೆ, ಕಾವು ಕೂತ ಜವಾರಿ ಕೋಳಿಯಂಥ ಆಯಾ ಬೇರೆ ಸಿಗುವುದಿಲ್ಲ. ಆರೇಳು ಮೊಟ್ಟೆ ಸಾಕು, ಜಾಸ್ತಿಯಾದರೆ ರೆಕ್ಕೆ ಮುಚ್ಚುವುದಿಲ್ಲ. ಕೋಳಿಮರಿಗೆ 21 ದಿನ, ಬಾತಿಗೆ 28 ದಿನ ಅಲ್ವಾ, ಅದಕ್ಕೇ ಈಗಷ್ಟೇ ಕಾವಿಗೆ ಬಂದಿರುವ ಕೋಳಿಯನ್ನೇ ಆರಿಸಿ. ಮಸ್ಕೋವಿ ಬಾತಿನ ಮೊಟ್ಟೆಯಾದರೆ 35 ದಿನ ಬೇಕು. ಕೂರಿಸುವ ಮೊದಲು ರೆಕ್ಕೆ ಕೆಳಗೆ ಹೇನು ಇದೆಯಾ ನೋಡಿ. ಹೇನು ಕಾಟಕ್ಕೆ ಕೋಳಿ ಅರ್ಧಕ್ಕೇ ಎದ್ದುಬಿಡುತ್ತದೆ. ಕಾಳು, ನೀರು ಬುಟ್ಟಿಯ ಹತ್ತಿರವೇ ಇರಲಿ. ಬಾತು ಮೊಟ್ಟೆ ಅವಳಿಗೆ ಭಾರ, ಅವಳು ಮೇಯಲು ಎದ್ದಾಗ ನೀವೂ ಒಂದು ಸಲ ಕೈಯಿಂದ ತಿರುಗಿಸಿ.

ಅಜ್ಜಿಯ ಕಬ್ಬಿಣ ಇರಲಿ, ಅದರಿಂದ ತೊಂದರೆಯಿಲ್ಲ. ಗುಡುಗಿನ ಸದ್ದಿಗೆ ಮೊಟ್ಟೆ ಕೆಡುವುದಿಲ್ಲ. ಮರಿಯಾದ ಮೇಲೆ ಮೊದಲ ಕೆಲವು ವಾರ ಕೆರೆಗೆ ಬಿಡಬೇಡಿ. ತಾಯಿ ಬಾತಿನ ಮೈಯ ಎಣ್ಣೆ ಇವಕ್ಕೆ ತಾಗಿರುವುದಿಲ್ಲ, ಪುಕ್ಕ ನೆನೆದು ಚಳಿಗೆ ಸಾಯುತ್ತವೆ. ಕುಡಿಯಲು ಕೊಕ್ಕು ಮುಳುಗುವಷ್ಟು ನೀರು ಕೊಟ್ಟರೆ ಸಾಕು.

ಸದಸ್ಯೆ: ಡಾಕ್ಟ್ರೇ, ಕರೆಂಟ್ ಹೋದರೆ?

ಡಾಕ್ಟರ್: ಮುಚ್ಚಳ ತೆಗೆಯದೆ, ಗಾಳಿ ತೂತು ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ. ಕರೆಂಟ್ ಬಂದ ಮೇಲೆ ಕಂಬಳಿ ತೆಗೆಯಲು ಮರೆಯಬೇಡಿ, ತಂಪಿಗಿಂತ ಜಾಸ್ತಿ ಬಿಸಿ ಬೇಗ ಮರಿಯನ್ನು ಕೊಲ್ಲುತ್ತದೆ.

ಸದಸ್ಯೆ: ಎಂಟು ಮೊಟ್ಟೆ ತೆಗೆದಿಟ್ಟಿದ್ದೇನೆ, ಯಾವುದೂ ಐದು ದಿನಕ್ಕಿಂತ ಹಳೆಯದಲ್ಲ. ನಾಳೆ ತೂಗಿ ಇಡುತ್ತೇನೆ.

ಡಾಕ್ಟರ್: ಇಡಿ. 7ನೇ ದಿನ ಟಾರ್ಚ್ ಹಿಡಿದು, ಪೆನ್ಸಿಲ್ ಗೆರೆ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ. ನಾನು ನೋಡುತ್ತೇನೆ.