ಕಂಪ್ಯೂಟರ್ ಕುದುರೆ ಕೊಟ್ಟರೆ ಅದು ತ್ಯಾಗವೋ, ಬಲಿಯೋ, ಜೂಜೋ?

ಗೆಳೆಯರೇ, ನಮಸ್ಕಾರ.

ಕುಷ್ಟಗಿಯಿಂದ ಬರೆಯುತ್ತಿದ್ದೇನೆ. ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ, ಅವರಿಗಾಗಿ ಕನ್ನಡದಲ್ಲಿ ಒಂದಿಷ್ಟು ಪಾಠ ಬರೆಯುತ್ತಿದ್ದೇನೆ. ‘ಸ್ಯಾಕ್ರಿಫೈಸ್’, ಅಂದರೆ ಮುಂದಿನ ಲಾಭಕ್ಕಾಗಿ ಬೇಕಂತಲೇ ಕಾಯಿ ಬಿಟ್ಟುಕೊಡುವುದು, ಅದರ ಹತ್ತಿರ ಬಂದು ಪೆನ್ನು ನಿಂತಿದೆ. ಅದರಲ್ಲೂ ಕಂಪ್ಯೂಟರ್ ಪ್ರೋಗ್ರಾಂಗಳು ಕಾಯಿ ಕೊಟ್ಟು, ಫಲ ಸಿಗುತ್ತದೋ ಇಲ್ಲವೋ ಅಂತ ನೋಡುವವರನ್ನು ಕಾಯಿಸುತ್ತವಲ್ಲ, ಆ ಬಗೆಯ ಕೊಡುವಿಕೆಗೆ ಏನನ್ನಬೇಕು?

ಆಡುಮಾತಿನಲ್ಲಿ ತೊಂದರೆಯೇ ಇಲ್ಲ. ಬೇಕಂತಲೇ ಬಿಟ್ಟರೆ ನಮ್ಮ ಹುಡುಗರು ‘ಕುದುರೆ ಕೊಟ್ಟ’ ಎನ್ನುತ್ತಾರೆ. ನೋಡದೆ ಕಳೆದುಕೊಂಡರೆ ‘ಕುದುರೆ ಹೊಡಿಸ್ಕೊಂಡ’. ಕೊಟ್ಟು ಸೋತರಂತೂ ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅಂತ ಹಿಂದಿನಿಂದ ಯಾರಾದರೂ ರಾಗ ಎಳೆಯುತ್ತಾರೆ. ಬರೆಯುವಾಗ ಮಾತ್ರ ಒಂದು ಹೆಸರು ಬೇಕು.

‘ತ್ಯಾಗ’ ನನಗೆ ಒಪ್ಪಿಗೆಯಾಗುವುದಿಲ್ಲ. ತ್ಯಾಗ ಮಾಡಿದವರು ವಾಪಸ್ ಏನೂ ಕೇಳುವುದಿಲ್ಲ. ಚದುರಂಗದಲ್ಲಿ ಕುದುರೆ ಕೊಟ್ಟವನು ರಾಜನನ್ನೇ ಕೇಳುತ್ತಾನೆ. ಬಲಿ ಕೊಡುವವನ ಮನಸ್ಸಿನಲ್ಲಿ ಒಂದು ಬೇಡಿಕೆ ಇದ್ದೇ ಇರುತ್ತದೆ, ಹಾಗಾಗಿ ‘ಬಲಿ’ ಸರಿ. ಇದರ ಬಗ್ಗೆ ಜಾಸ್ತಿ ಜಗಳ ಬೇಡ. ನನ್ನ ಪ್ರಶ್ನೆ ‘ಬಲಿ’ಯ ಮುಂದೆ ಕೂರುವ ಪದದ್ದು.

ಆಸ್ಟ್ರಿಯಾದ ಆಟಗಾರ ರುಡಾಲ್ಫ್ ಸ್ಪೀಲ್ಮನ್ 1930ರ ದಶಕದಲ್ಲೇ ಬಲಿಯನ್ನು ಎರಡಾಗಿ ಒಡೆದಿದ್ದ. ಕೊಟ್ಟದ್ದು ಕೆಲವೇ ನಡೆಗಳಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತದೆ ಅಂತ ಎಣಿಸಿ ನೋಡಲು ಬಂದರೆ ಅದು ಹುಸಿ ಬಲಿ. ಎಣಿಕೆ ಮುಟ್ಟದ ಕಡೆ, ನಂಬಿಕೆಯ ಮೇಲೆ ಕೊಟ್ಟರೆ ಅದು ನಿಜ ಬಲಿ. ಮನುಷ್ಯರ ಆಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಯಂತ್ರ ಬಂದ ಮೇಲೆ ಗೆರೆ ಅಳಿಸಿಹೋಯಿತು. ನಮಗೆ ನಿಜ ಬಲಿ ಎನಿಸಿದ್ದು ಅದಕ್ಕೆ ಬರೀ ಲೆಕ್ಕ. ಕೊನೆಯವರೆಗೂ ಕಂಡುಬಿಟ್ಟ ಮೇಲೆ ಅಪಾಯ ಎಲ್ಲಿಂದ ಬರಬೇಕು?

1997ರ ಮೇ 11ರ ಆಟ ನೋಡಿ. ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ವಿರುದ್ಧ ಆರನೇ ಆಟದಲ್ಲಿ ಐಬಿಎಂ ಕಂಪನಿಯ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ಕುದುರೆ ಕೊಟ್ಟು ಇ6 ಮನೆಯ ಪ್ಯಾದೆ ಹೊಡೆಯಿತು. 19 ನಡೆಗೆ ಆಟ ಮುಗಿಯಿತು, ಯಂತ್ರ ಗೆದ್ದಿತು. ನೋಡಿದವರಿಗೆ ಯಂತ್ರದ ಧೈರ್ಯ ಅನ್ನಿಸಬಹುದು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು ನಿಜ, ಆದರೆ ಈ ನಡೆ ಆ ಹುಡುಕಾಟದಿಂದ ಬಂದದ್ದಲ್ಲ. ಆರಂಭದ ನಡೆಗಳ ಸಂಗ್ರಹದಲ್ಲಿ ಮೊದಲೇ ತುಂಬಿಟ್ಟದ್ದು. ಅಲ್ಲಿಗೆ ಧೈರ್ಯವೂ ಯಂತ್ರದ್ದಲ್ಲ, ಲೆಕ್ಕವೂ ಯಂತ್ರದ್ದಲ್ಲ. ಇಂಥದ್ದಕ್ಕೆ ‘ಎರವಲು ಬಲಿ’ ಎನ್ನೋಣವೇ ಅಂತ ನನಗೊಂದು ಆಸೆ ಇದೆ.

ಗೂಗಲ್‌ನ ಡೀಪ್‌ಮೈಂಡ್ ಕಟ್ಟಿದ ಆಲ್ಫಾಜೀರೋ ಪ್ರೋಗ್ರಾಂನ ಕಥೆ ಬೇರೆ. 2017ರ ಕೊನೆಯಲ್ಲಿ ಸ್ಟಾಕ್‌ಫಿಶ್ ಅನ್ನುವ ಇನ್ನೊಂದು ಬಲಿಷ್ಠ ಪ್ರೋಗ್ರಾಂ ಜೊತೆ 100 ಆಟ ಆಡಿ 28 ಗೆದ್ದಿತು, ಉಳಿದ 72 ಡ್ರಾ. ಸ್ಟಾಕ್‌ಫಿಶ್ ಸೆಕೆಂಡಿಗೆ ಸುಮಾರು 7 ಕೋಟಿ ಸ್ಥಿತಿ ನೋಡಿದರೆ ಇದು ನೋಡಿದ್ದು 80 ಸಾವಿರ. ಆದರೂ ಪ್ಯಾದೆ, ಕೆಲವೊಮ್ಮೆ ದೊಡ್ಡ ಕಾಯಿಯನ್ನೇ ಕೊಟ್ಟುಬಿಡುತ್ತಿತ್ತು. ತಕ್ಷಣ ಏನೂ ವಾಪಸ್ ಬರುತ್ತಿರಲಿಲ್ಲ. ಎದುರಾಳಿಯ ಕಾಯಿಗಳು ಉಸಿರಾಡಲು ಜಾಗವಿಲ್ಲದೆ ಕೂರುತ್ತಿದ್ದವು, ಅಷ್ಟೇ. ತನ್ನ ಜೊತೆ ತಾನೇ ಆಡಿ ಕಲಿತ ಅಂದಾಜು ಅದು. ಸ್ಪೀಲ್ಮನ್ ಹೇಳಿದ ನಿಜ ಬಲಿಗೆ ಯಂತ್ರ ಹತ್ತಿರ ಬಂದದ್ದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮುಂಚೆ, 1990ರ ದಶಕದಲ್ಲಿ, ಚೆಸ್ ಸಿಸ್ಟಮ್ ಟಾಲ್ ಅಂತ ಒಂದು ಪ್ರೋಗ್ರಾಂ ಬಂದಿತ್ತು. ಉಳಿದವು ಕಾಯಿ ಎಣಿಸುತ್ತಾ ಕೂತಿದ್ದ ಕಾಲದಲ್ಲಿ ಅದನ್ನು ದಾಳಿಗಾಗಿ ಕಾಯಿ ಕೊಡುವಂತೆಯೇ ಕಟ್ಟಿದ್ದರು.

ಆ ಹೆಸರಿನ ಹಿಂದಿರುವ ಆಟಗಾರ ಮಿಖಾಯಿಲ್ ಟಾಲ್ 1960ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ಆಗಿನ ಚಾಂಪಿಯನ್ ಬೊಟ್ವಿನಿಕ್‌ಗೆ ಎಫ್4 ಮನೆಯಲ್ಲಿ ಕುದುರೆ ಕೊಟ್ಟು ಗೆದ್ದ. ಆಮೇಲೆ ಕೂತು ನೋಡಿದವರು ಬೊಟ್ವಿನಿಕ್‌ಗೆ ಉಳಿಯುವ ದಾರಿ ಇತ್ತು ಅಂದರು. ಗಡಿಯಾರ ಓಡುವಾಗ ಆ ದಾರಿ ಕಾಣಲಿಲ್ಲ. ಈ ಬಲಿಯನ್ನು ‘ತಪ್ಪು’ ಅನ್ನಲು ನನಗೆ ಕೈ ಬರುವುದಿಲ್ಲ. ಈಗ ಇಂಥ ಬಲಿಯನ್ನು ಮೊಬೈಲ್ ತೆಗೆದು ಪ್ರೋಗ್ರಾಂಗೆ ಕೊಟ್ಟರೆ ಮೈನಸ್ ಒಂದೂವರೆ ಅಂತಲೋ ಏನೋ ಒಂದು ಸಂಖ್ಯೆ ಬರುತ್ತದೆ, ಅಂದರೆ ಕೊಟ್ಟವನು ಒಂದೂವರೆ ಪ್ಯಾದೆಯಷ್ಟು ಹಿಂದೆ. ಹುಡುಗರು ಅದನ್ನೇ ತೀರ್ಪು ಅಂದುಕೊಳ್ಳುತ್ತಾರೆ. ಎದುರಾಳಿ ಒಂದೂ ತಪ್ಪು ಮಾಡದಿದ್ದರೆ ಬರುವ ಬೆಲೆ ಅದು. ಹಾಗೆ ಆಡುವುದು ಎಷ್ಟು ಕಷ್ಟ ಅನ್ನುವುದು ಆ ಸಂಖ್ಯೆಯಲ್ಲಿ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಹುಡುಕಲು ಬಿಟ್ಟರೆ ಎಷ್ಟೋ ಸಲ ಅದೇ ಪ್ರೋಗ್ರಾಂ ಮಾತು ಬದಲಿಸಿ ಸೊನ್ನೆ, ಅಂದರೆ ಇಬ್ಬರೂ ಸಮ, ಅಂತ ತೋರಿಸುತ್ತದೆ, ಅದು ಬೇರೆ.

ಹಾಗಾಗಿ ನನಗೆ ಎರಡು ಜೋಡಿ ಪದ ಬೇಕು. ಒಂದು ಜೋಡಿ ನಡೆಯ ಬಗ್ಗೆ: ಸರಿಯಾದ ಉತ್ತರಕ್ಕೂ ನಿಲ್ಲುತ್ತದೋ ಇಲ್ಲವೋ. ಇದಕ್ಕೆ ‘ಗಟ್ಟಿ ಬಲಿ’, ‘ಪೊಳ್ಳು ಬಲಿ’ ಸಾಕು. ಇನ್ನೊಂದು ಕೊಡುವವನ ಬಗ್ಗೆ: ಕಂಡು ಕೊಟ್ಟನೋ, ಕಾಣದೆ ಕೊಟ್ಟನೋ. ‘ಲೆಕ್ಕದ ಬಲಿ’ ಸಿಕ್ಕಿತು. ಅದರ ಎದುರಿನದು ಸಿಗುತ್ತಿಲ್ಲ. ‘ರಿಸ್ಕಿ’ ಅಂತ ಎರಡು ಅರ್ಥಕ್ಕೂ ಹೇಳಿ ಕಲಸುಮೇಲೋಗರ ಮಾಡಿದ್ದೇವೆ.

‘ಊಹಾತ್ಮಕ ಬಲಿ’ ಮಕ್ಕಳ ಬಾಯಲ್ಲಿ ತಿರುಗುವುದಿಲ್ಲ. ‘ಜೂಜಿನ ಬಲಿ’ ಅಂದರೆ ದಾಳದ ವಾಸನೆ ಬರುತ್ತದೆ, ಚದುರಂಗದಲ್ಲಿ ದಾಳ ಎಲ್ಲಿದೆ? ‘ಸಟ್ಟಾ’ ನಮ್ಮ ಕಡೆ ಬಳಕೆಯಲ್ಲಿದೆ, ಆದರೆ ಅಪ್ಪ ಅಮ್ಮಂದಿರು ಪಾಠದ ಹಾಳೆಯನ್ನೇ ಹರಿದಾರು. ‘ದುಸ್ಸಾಹಸ’ದಲ್ಲಿ ಬೈಗುಳ ಮೊದಲೇ ಇದೆ. ‘ಎದೆಗಾರಿಕೆಯ ಬಲಿ’ ಟಾಲ್‌ಗೆ ಒಪ್ಪುತ್ತದೆ, ಎದೆಯಿಲ್ಲದ ಪ್ರೋಗ್ರಾಂಗೆ ಹೇಗೆ? ಮೊಮ್ಮಗನನ್ನು ಕರೆದುಕೊಂಡು ಬರುವ ಅಜ್ಜಾರು ಒಬ್ಬರು ‘ಮಳೀಗೆ ಮುಂಚೆ ಒಣಮಣ್ಣಾಗ ಬಿತ್ತಿದಂಗ ಐತಲ್ರೀ ಇದು’ ಅಂದರು. ಅರ್ಥ ಪೂರ್ತಿ ಕೂತಿತು. ಆದರೆ ‘ಒಣಬಿತ್ತನೆ ಬಲಿ’ ಅಂತ ಬರೆದರೆ ಊರಾಚೆಯವರಿಗೆ ಕೃಷಿ ಇಲಾಖೆಯ ಕರಪತ್ರ ಎನಿಸೀತು.

ಸದ್ಯಕ್ಕೆ ‘ಅಂದಾಜಿನ ಬಲಿ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಸ್ವಲ್ಪ ಸಪ್ಪೆ, ಅಲ್ವಾ? ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಕಟ್ಟೆಯ ಮೇಲೆ ಚದುರಂಗ ಆಡುವವರು, ಫಲ ಕಾಣದೆ ಕಾಯಿ ಕೊಡುವುದಕ್ಕೆ ಬೇರೆ ಏನಾದರೂ ಅನ್ನುತ್ತಾರೆಯೇ? ಗೊತ್ತಿದ್ದವರು ಪದವನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಉಪಕಾರ.